ತನಗೆ ತಾನೇ ಹಿಮ್ಮೇಳ: ಇಂಡೀ ಫೋಕ್ ಹಾಡಿಕೆಯ ಮೂಲ ಮತ್ತು ಗುಣ

ಇಂಡೀ ಫೋಕ್ ಎಂಬ ಹೆಸರನ್ನು ಕನ್ನಡಕ್ಕೆ ತರಲು ಹೊರಟವರಿಗೆ ಮೊದಲ ಹೆಜ್ಜೆಯಲ್ಲೇ ಕಾಲು ತೊಡರುತ್ತದೆ. ಫೋಕ್ ಎಂದರೆ ಜಾನಪದ ಎಂದು ನಾವು ಒಪ್ಪಿಕೊಂಡು ಬಹಳ ಕಾಲವಾಯಿತು. ಜಾನಪದ ಎಂದೊಡನೆ ಮನಸ್ಸಿಗೆ ಬರುವುದು ಕಟ್ಟಿದವರ ಹೆಸರು ಅಳಿಸಿಹೋದ ಹಾಡು; ಬಾಯಿಂದ ಬಾಯಿಗೆ ಬಂದದ್ದು, ಊರಿಗೊಂದು ಪಾಠಾಂತರ ಇರುವಂಥದ್ದು. ಇಂಡೀ ಫೋಕ್ ಹಾಡಿಗಾದರೋ ಕಟ್ಟಿದವರ ಹೆಸರಿದೆ, ಹಕ್ಕುಸ್ವಾಮ್ಯವಿದೆ, ಬಿಡುಗಡೆಯ ತಾರೀಕಿದೆ, ಧ್ವನಿಮುದ್ರಿಕೆಯಲ್ಲಿ ಗಟ್ಟಿಯಾಗಿ ಕೂತ ಒಂದು ಪಾಠವಿದೆ. ಹಾಗಿದ್ದೂ ಕೇಳಿದವರಿಗೆ ಅದು ಹಳೆಯದು, ಎಲ್ಲೋ ಕೇಳಿದ್ದು, ಯಾರದೋ ಮನೆಯ ಒಳಕೋಣೆಯದು ಅನ್ನಿಸುತ್ತದೆ. ಈ ಅನ್ನಿಸಿಕೆ ಎಲ್ಲಿಂದ ಬರುತ್ತದೆ ಎಂಬುದೇ ಈ ಟಿಪ್ಪಣಿಯ ಪ್ರಶ್ನೆ. ಹೆಸರನ್ನು ಅನುವಾದಿಸದೆ ಇಂಡೀ ಫೋಕ್ ಎಂದೇ ಉಳಿಸಿಕೊಂಡಿದ್ದೇನೆ. ‘ಸ್ವತಂತ್ರ ಜಾನಪದ’ ಎಂದು ಬರೆದರೆ ಎರಡು ಪದವೂ ದಾರಿ ತಪ್ಪಿಸುತ್ತವೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 1980 ಮತ್ತು 90ರ ದಶಕಗಳಲ್ಲಿ ಅಮೆರಿಕದಲ್ಲಿ ರೂಪು ತಳೆದ ಈ ಹಾಡಿಕೆಯ ತಾಯಿಬೇರು ಇರುವುದು ಗ್ರಾಮೊಫೋನ್ ತಟ್ಟೆಯಲ್ಲಿ. ಅದರ ಗುಣವನ್ನು ತಿದ್ದಿದ್ದು ಮನೆಯೊಳಗೆ ಬಂದ ನಾಲ್ಕು ಪಥದ ಕ್ಯಾಸೆಟ್ ಯಂತ್ರ. ಒಬ್ಬ ಹಾಡುಗಾರ ತನ್ನ ಹಿಮ್ಮೇಳವನ್ನು ತಾನೇ ಹಾಡಿಕೊಳ್ಳಲು ಆ ಯಂತ್ರ ದಾರಿ ಮಾಡಿಕೊಟ್ಟಿತು. ಇಂಡೀ ಫೋಕ್‌ನ ಆಪ್ತತೆಯೂ ಒಂಟಿತನವೂ ಹುಟ್ಟಿದ್ದು ಅಲ್ಲಿಂದಲೇ.

ಅಳೆಯಲು ಒಂದು ಕೋಲು ಬೇಕಲ್ಲ. ಇಂಗ್ಲಿಷ್ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ 1907ರ ತಮ್ಮ ಪುಸ್ತಕದಲ್ಲಿ ಜನಪದ ಹಾಡಿಗೆ ಮೂರು ಲಕ್ಷಣ ಹೇಳಿದ್ದರು: ಮುಂದುವರಿಕೆ, ಮಾರ್ಪಾಟು, ಆಯ್ಕೆ. ಹಿಂದಿನದರ ಕೊಂಡಿ ಇರಬೇಕು, ಹಾಡುವವರ ಬಾಯಲ್ಲಿ ಹಾಡು ಬದಲಾಗಬೇಕು, ಯಾವ ರೂಪ ಉಳಿಯಬೇಕು ಎಂಬುದನ್ನು ಸಮುದಾಯ ತೀರ್ಮಾನಿಸಬೇಕು. 1954ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಸೇರಿದ ಅಂತರರಾಷ್ಟ್ರೀಯ ಜಾನಪದ ಸಂಗೀತ ಮಂಡಳಿ ಈ ಮೂರನ್ನೇ ಇಟ್ಟುಕೊಂಡು ವ್ಯಾಖ್ಯೆ ಮಾಡಿತು. ಅದರ ಜೊತೆಗೆ ಒಂದು ಸೂಕ್ಷ್ಮವನ್ನೂ ಸೇರಿಸಿತು: ಹಾಡು ಮೂಲದಲ್ಲಿ ಒಬ್ಬರೇ ಕಟ್ಟಿದ್ದಾದರೂ ಅಡ್ಡಿಯಿಲ್ಲ, ಜನರ ಬಾಯಿಗೆ ಬಿದ್ದು ಅದು ಮರುರೂಪ ಪಡೆದಿರಬೇಕು. ಸಿದ್ಧರೂಪದಲ್ಲಿ ಬಂದು, ಬಂದ ಹಾಗೆಯೇ ಉಳಿದದ್ದು ಜನಪದವಾಗದು. ಈ ಕೋಲಿನಿಂದ ಅಳೆದರೆ ಇಂಡೀ ಫೋಕ್ ಮೊದಲ ನೋಟಕ್ಕೆ ಮೂರರಲ್ಲೂ ಸೋಲುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಆ ಸೋಲಲ್ಲ. ಮೂರು ಲಕ್ಷಣಗಳಿಗೂ ಅದು ಬದಲಿ ಹುಡುಕಿಕೊಂಡ ಬಗೆ.

ಮುಂದುವರಿಕೆಯಿಂದ ತೊಡಗೋಣ. 1952ರಲ್ಲಿ ನ್ಯೂಯಾರ್ಕಿನ ಫೋಕ್‌ವೇಸ್ ಸಂಸ್ಥೆ ‘ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’ ಎಂಬ ಸಂಕಲನ ಹೊರತಂದಿತು. ಆರು ಎಲ್‌ಪಿ ತಟ್ಟೆ, 84 ಹಾಡು. ಸಂಕಲನಕಾರ ಹ್ಯಾರಿ ಸ್ಮಿತ್‌ಗೆ ಆಗಿನ್ನೂ 30 ತುಂಬಿರಲಿಲ್ಲ. ಅವರು ಚಿತ್ರಕಾರರು, ಪ್ರಯೋಗಶೀಲ ಸಿನಿಮಾ ಮಾಡುತ್ತಿದ್ದವರು, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳನ್ನು ಹುಚ್ಚು ಹಿಡಿದವರಂತೆ ಕೂಡಿಟ್ಟವರು. ಸಂಕಲನಕ್ಕಾಗಿ ಅವರು ಯಾವ ಹಳ್ಳಿಗೂ ಹೋಗಲಿಲ್ಲ, ಯಾವ ವಕ್ತೃವನ್ನೂ ಎದುರು ಕೂರಿಸಿಕೊಂಡು ಹಾಡಿಸಲಿಲ್ಲ. ಅಷ್ಟೂ ಹಾಡುಗಳು ಬಹುಪಾಲು 1927ರಿಂದ 1932ರ ನಡುವೆ ಕಂಪನಿಗಳು ಮಾರಾಟಕ್ಕೆಂದೇ ಮುದ್ರಿಸಿದ್ದವು. ವಿದ್ಯುತ್ ಮೈಕು ಬಂದು ಧ್ವನಿ ಸ್ಪಷ್ಟವಾದ ಕಾಲ ಅವರಿಗೆ ಒಂದು ಗಡಿ. ಆರ್ಥಿಕ ಕುಸಿತದಲ್ಲಿ ಇಂಥ ತಟ್ಟೆಗಳ ಮಾರಾಟ ನಿಂತದ್ದು ಇನ್ನೊಂದು ಗಡಿ. ಆಗಿನ ಕಂಪನಿಗಳು ಕಪ್ಪು ವರ್ಣದವರ ತಟ್ಟೆಗಳಿಗೆ ‘ರೇಸ್’ ಎಂದೂ ಬಿಳಿಯ ಹಳ್ಳಿಗರ ತಟ್ಟೆಗಳಿಗೆ ‘ಹಿಲ್‌ಬಿಲಿ’ ಎಂದೂ ಬೇರೆ ಬೇರೆ ಪಟ್ಟಿ ಇಟ್ಟಿದ್ದವು. ಸ್ಮಿತ್ ಆ ಗೋಡೆಯನ್ನು ಕೆಡವಿ, ಹಾಡಿದವರ ವರ್ಣವನ್ನು ಎಲ್ಲೂ ನಮೂದಿಸದೆ, ಒಂದರಿಂದ 84ರವರೆಗೆ ಸಾಲಾಗಿ ಅಂಕಿ ಕೊಟ್ಟರು. ಮೂಲ ಕಂಪನಿಗಳ ಅನುಮತಿಯನ್ನು ಫೋಕ್‌ವೇಸ್ ಪಡೆಯಲಿಲ್ಲ.

ಈ ಪೆಟ್ಟಿಗೆ ಮಾಡಿದ ಕೆಲಸವನ್ನು ಒಬ್ಬರ ಕತೆಯಲ್ಲಿ ನೋಡಬಹುದು. ಮಿಸಿಸಿಪಿ ಜಾನ್ ಹರ್ಟ್ ಎಂಬ ಕೃಷಿಕಾರ್ಮಿಕರು 1928ರಲ್ಲಿ ಓಕೆ ಕಂಪನಿಗೆ ಕೆಲವು ಹಾಡು ಹಾಡಿದರು. ತಟ್ಟೆಗಳು ಮಾರಾಟವಾಗಲಿಲ್ಲ, ಅವರು ಊರಿಗೆ ಮರಳಿ ಹೊಲಕ್ಕೆ ಹೋದರು. ಹರ್ಟ್ ಅವರ ಎರಡು ಹಾಡುಗಳನ್ನು ಸ್ಮಿತ್ ಸಂಕಲನಕ್ಕೆ ಸೇರಿಸಿಕೊಂಡರು. ಮುಂದೆ ಅವರ ಇನ್ನೊಂದು ಹಾಡಿನಲ್ಲಿ ಬರುವ ಅವಲಾನ್ ಎಂಬ ಊರಿನ ಹೆಸರನ್ನೇ ಜಾಡಾಗಿ ಹಿಡಿದು ಹೋದವರಿಗೆ 1963ರಲ್ಲಿ ಹರ್ಟ್ ಅಲ್ಲೇ ಸಿಕ್ಕರು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದರು. ಹಾಡುಗಾರರಿಂದ ತಟ್ಟೆ ಹುಟ್ಟುವುದು ಲೋಕರೂಢಿ. ಇಲ್ಲಿ 35 ವರ್ಷದ ನಂತರ ತಟ್ಟೆಯಿಂದ ಹಾಡುಗಾರರು ಮರುಹುಟ್ಟು ಪಡೆದರು. ಈ ಹಿಮ್ಮುಖ ನಡೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಅಂದಮೇಲೆ 1960ರ ದಶಕದ ಅಮೆರಿಕದ ಜಾನಪದ ಪುನರುತ್ಥಾನದ ಕಾಲದಲ್ಲೇ ನಗರದ ಹುಡುಗರು ‘ಪರಂಪರೆ’ ಎಂದು ಕಲಿತದ್ದರಲ್ಲಿ ಬಹುಭಾಗ ತಟ್ಟೆಯಿಂದ ಕಲಿತದ್ದು. ಇಂಡೀ ಫೋಕ್‌ನ ಪೀಳಿಗೆ ಹುಟ್ಟುವ ವೇಳೆಗೆ ತಟ್ಟೆ ಬಿಟ್ಟರೆ ಬೇರೆ ಅಜ್ಜಿಯಿರಲಿಲ್ಲ. ಕೆಂಟಕಿಯ ಲೂಯಿವಿಲ್ ನಗರದ ವಿಲ್ ಓಲ್ಡಮ್ 1993ರಲ್ಲಿ ‘ಪ್ಯಾಲೇಸ್ ಬ್ರದರ್ಸ್’ ಎಂಬ ಹೆಸರಿನಲ್ಲಿ ಶಿಕಾಗೋದ ಡ್ರ್ಯಾಗ್ ಸಿಟಿ ಸಂಸ್ಥೆಯಿಂದ ಮೊದಲ ಆಲ್ಬಮ್ ತಂದಾಗ ಅದರಲ್ಲಿ ವಾಷಿಂಗ್ಟನ್ ಫಿಲಿಪ್ಸ್ ಅವರ ಒಂದು ಹಾಡಿತ್ತು. ಫಿಲಿಪ್ಸ್ ಟೆಕ್ಸಸ್‌ನ ಧಾರ್ಮಿಕ ಹಾಡುಗಾರರು, 1920ರ ದಶಕದ ಕೊನೆಯಲ್ಲಿ ಧ್ವನಿಮುದ್ರಿಸಿದವರು. ಅವರಿಗೂ ಓಲ್ಡಮ್‌ಗೂ ನಡುವೆ ಊರಿಲ್ಲ, ಕುಲವಿಲ್ಲ, ಗುರುವಿಲ್ಲ. ಇರುವುದು ಒಂದು ಮುದ್ರಿಕೆ ಮಾತ್ರ.

ಇನ್ನು ಯಂತ್ರದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹಾಡಿಕೆಯ ಗುಣದ ಬಗ್ಗೆ ಬರೆಯುವ ಬಹಳ ಜನ ಪೋಷಾಕು, ಗಡ್ಡ, ಕಾಡಿನ ಚಿತ್ರ ಇವುಗಳನ್ನು ವರ್ಣಿಸುತ್ತಾರೆ. ಯಂತ್ರವನ್ನು ತೆರೆದು ನೋಡುವವರು ಕಡಿಮೆ.

ಮಾಮೂಲಿ ಸ್ಟೀರಿಯೊ ಕ್ಯಾಸೆಟ್ಟಿನ ಪಟ್ಟಿಯಲ್ಲಿ ನಾಲ್ಕು ಪಥಗಳಿರುತ್ತವೆ: ಒಂದು ಬದಿಗೆ ಎರಡು, ತಿರುಗಿಸಿ ಹಾಕಿದರೆ ಇನ್ನೆರಡು. ಟ್ಯಾಸ್ಕಾಮ್ ಕಂಪನಿ 1979ರಲ್ಲಿ ತಂದ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರ ಈ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಒಂದೊಂದನ್ನು ಬೇರೆಯಾಗಿ ಬಳಸಿತು. ಗುಣಮಟ್ಟ ಹೆಚ್ಚಲೆಂದು ಪಟ್ಟಿಯನ್ನು ಎರಡು ಪಟ್ಟು ವೇಗದಲ್ಲಿ, ಸೆಕೆಂಡಿಗೆ 3.75 ಇಂಚಿನಂತೆ ಓಡಿಸಿತು. ಹಾಗಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದದ್ದು 15 ನಿಮಿಷ. ಮೊದಲ ಪಥದಲ್ಲಿ ಗಿಟಾರು, ಎರಡನೆಯದರಲ್ಲಿ ಕಂಠ. ಅವೆರಡನ್ನು ಕೇಳಿಸಿಕೊಳ್ಳುತ್ತಾ ಮೂರನೆಯದಕ್ಕೆ ಇನ್ನೊಂದು ಕಂಠ, ನಾಲ್ಕನೆಯದಕ್ಕೆ ಮತ್ತೇನೋ. ಅಷ್ಟೂ ಸಾಲದಿದ್ದರೆ ಮೂರು ಪಥಗಳನ್ನು ಕಲಸಿ ನಾಲ್ಕನೆಯದಕ್ಕೆ ಇಳಿಸಿ, ಖಾಲಿಯಾದ ಮೂರರಲ್ಲಿ ಮತ್ತೆ ಹಾಡಬಹುದು. ಆದರೆ ಹಾಗೆ ಇಳಿಸಿದ ಪ್ರತಿಸಲವೂ ಪಟ್ಟಿಯ ಸುಯ್ಯೆನ್ನುವ ಸದ್ದು ಒಂದು ಪದರ ಹೆಚ್ಚಾಗುತ್ತದೆ, ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ. ಕಲಸಿದ್ದನ್ನು ಮತ್ತೆ ಬಿಡಿಸಲಾಗದು. ಇಂಡೀ ಫೋಕ್‌ಗೆ ಅಂಟಿಕೊಂಡ ಮಂದ ಬೆಳಕಿನಂಥ ಧ್ವನಿಗೆ ಕಾರಣ ಮನೋಧರ್ಮ ಎಷ್ಟೋ, ಪಟ್ಟಿಯ ಈ ಭೌತಿಕ ಮಿತಿಯೂ ಅಷ್ಟೇ.

1982ರ ಜನವರಿ 3ರಂದು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ತಾವಿದ್ದ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಇದೇ ಯಂತ್ರದ ಮುಂದೆ, ಎರಡು ಸಾಧಾರಣ ಮೈಕು ಇಟ್ಟುಕೊಂಡು, ಹಾಡುಗಳ ಕಚ್ಚಾ ಪ್ರತಿ ಮಾಡಿದರು. ಆಮೇಲೆ ತಮ್ಮ ವಾದ್ಯವೃಂದದೊಂದಿಗೆ ಸ್ಟುಡಿಯೊದಲ್ಲಿ ಅವನ್ನೇ ಮತ್ತೆ ಮುದ್ರಿಸಲು ನೋಡಿದರು. ಕ್ಯಾಸೆಟ್ಟಿನಲ್ಲಿ ಇದ್ದದ್ದು ಸ್ಟುಡಿಯೊದಲ್ಲಿ ಸಿಗಲಿಲ್ಲ. ಕೊನೆಗೆ ಜೇಬಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ ಆ ಕ್ಯಾಸೆಟ್ಟೇ ‘ನೆಬ್ರಾಸ್ಕ’ ಎಂಬ ಆಲ್ಬಮ್ ಆಗಿ ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂತು. ಅದನ್ನು ತಂದದ್ದು ಕೊಲಂಬಿಯಾ ಎಂಬ ದೈತ್ಯ ಕಂಪನಿ. ಇಂಡೀ ಎಂಬ ಮಾತಿಗೂ ಅದಕ್ಕೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಆದರೂ ಇಂಡೀ ಫೋಕ್‌ನ ವಂಶವೃಕ್ಷ ಬರೆಯುವವರು ಅದನ್ನು ಬಿಟ್ಟು ಬರೆಯಲಾರರು. ಕಚ್ಚಾ ಪ್ರತಿಯೇ ಪಕ್ಕಾ ಪ್ರತಿಯಾಗಬಲ್ಲದು ಎಂಬುದಕ್ಕೆ ಮುಂದಿನವರ ಕೈಗೆ ಸಿಕ್ಕ ದೊಡ್ಡ ಸಾಕ್ಷಿ ಅದು.

ಆ ಸಾಕ್ಷಿಯನ್ನು ಅತ್ಯಂತ ನಾಜೂಕಾಗಿ ಬಳಸಿಕೊಂಡವರು ಎಲಿಯಟ್ ಸ್ಮಿತ್ ಎಂದು ನನ್ನ ಎಣಿಕೆ. ಪೋರ್ಟ್‌ಲ್ಯಾಂಡ್ ನಗರದಲ್ಲಿ ‘ಹೀಟ್‌ಮೈಸರ್’ ಎಂಬ ಗದ್ದಲದ ರಾಕ್ ತಂಡದಲ್ಲಿದ್ದ ಅವರು ಮನೆಯೊಂದರ ನೆಲಮಾಳಿಗೆಯಲ್ಲಿ ನಾಲ್ಕು ಪಥದ ಯಂತ್ರದ ಮೇಲೆ ಒಬ್ಬರೇ ಹಾಡಿ ಮುದ್ರಿಸಿದ್ದು 1994ರಲ್ಲಿ ‘ರೋಮನ್ ಕ್ಯಾಂಡಲ್’ ಆಗಿ ಬಂತು. ಸಣ್ಣ ಸ್ಥಳೀಯ ಸಂಸ್ಥೆಯೊಂದು ಅದನ್ನು ಇದ್ದ ಹಾಗೆಯೇ ಹೊರತಂದಿತು. ಅದರಲ್ಲಿ ನಾಲ್ಕು ಹಾಡುಗಳಿಗೆ ಹೆಸರೇ ಇಲ್ಲ. ‘ಹೆಸರಿಲ್ಲ’ ಎಂಬ ಅರ್ಥದ ಮಾತು, ಮುಂದೆ ಒಂದು ಅಂಕಿ, ಅಷ್ಟೆ.

ಈ ಆಲ್ಬಮನ್ನು ಹೆಡ್‌ಫೋನ್ ಹಾಕಿಕೊಂಡು, ರಾತ್ರಿ, ಫ್ಯಾನು ಆರಿಸಿ ಕೇಳಬೇಕು. ಮೊದಲು ಕೇಳುವುದು ಒಂದು ಕಂಠ ಅನ್ನಿಸುತ್ತದೆ. ಎರಡು ಸಾಲು ದಾಟುವ ಹೊತ್ತಿಗೆ ಆ ಕಂಠಕ್ಕೆ ನೆರಳಿದೆ ಎಂದು ತಿಳಿಯುತ್ತದೆ. ಒಂದೇ ಮಟ್ಟನ್ನು ಒಂದೇ ಉಸಿರಿನ ಬಲದಲ್ಲಿ ಎರಡು ಸಲ ಹಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟಿದ್ದಾರೆ. ಸ್ವರಗಳು ಬೆರೆತುಹೋಗುತ್ತವೆ, ಆದರೆ ಸಕಾರ ಬಂದಾಗ ಗುಟ್ಟು ಬಯಲಾಗುತ್ತದೆ: ಒಂದು ‘ಸ್’ ತುಸು ಮುಂದೆ, ಇನ್ನೊಂದು ಕೂದಲೆಳೆಯಷ್ಟು ಹಿಂದೆ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಕಿರುಸದ್ದು ಅಳಿಸದೆ ಉಳಿದಿದೆ. ಪಿಸುಮಾತಿಗೆ ಹತ್ತಿರದ ದನಿ ಅದು. ಒಂದೇ ಪದರವಿದ್ದಿದ್ದರೆ ತೆಳುವಾಗಿ ಒಡೆದುಹೋಗುತ್ತಿತ್ತು. ಎರಡು ಪದರ ಸೇರಿದ್ದರಿಂದ ಗಟ್ಟಿ ಮಾಡದೆಯೇ ಗಟ್ಟಿಯಾಗಿದೆ.

ನಮ್ಮ ಹಾಡುಗಾರಿಕೆಯಲ್ಲಿ ಮುಮ್ಮೇಳದವರು ಸೊಲ್ಲು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದುಕೊಳ್ಳುತ್ತಾರೆ. ಹಾಡು ನಿಲ್ಲುವುದು ಆ ಎರಡು ಬಾಯಿಗಳ ನಡುವಿನ ನಂಬಿಕೆಯ ಮೇಲೆ. ಮುಂದಿನವರಿಗೆ ಉಸಿರು ಸಾಲದಿದ್ದರೆ ಹಿಂದಿನವರು ದಡ ಮುಟ್ಟಿಸುತ್ತಾರೆ. ಅಮೆರಿಕದ ಚರ್ಚಿನ ಹಾಡಿಗೂ ದುಡಿಮೆಯ ಹಾಡಿಗೂ ಇದೇ ಮಾತು ಸಲ್ಲುತ್ತದೆ. ‘ರೋಮನ್ ಕ್ಯಾಂಡಲ್’ನಲ್ಲಿ ಸೊಲ್ಲು ಕೊಡುವವರೂ ಹಿಡಿಯುವವರೂ ಒಬ್ಬರೇ. ಸಮುದಾಯ ಇದ್ದ ಜಾಗದಲ್ಲಿ ತನ್ನದೇ ದನಿ ಬಂದು ಕೂತಿದೆ. ಇಂಡೀ ಫೋಕ್ ಎಂಬ ಹೆಸರಿನ ಕೆಳಗೆ ಬರುವ ನೂರು ಬಗೆಯ ಹಾಡುಗಳಲ್ಲಿ ಸಾಮಾನ್ಯವಾದ ಒಂದು ಲಕ್ಷಣ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಪದರ ಹಾಕದೆ ಹಾಡಿದವರೂ ಇದ್ದಾರೆ. ‘ದಿ ಮೌಂಟನ್ ಗೋಟ್ಸ್’ ಎಂಬ ಹೆಸರಿನಲ್ಲಿ ಹಾಡುವ ಜಾನ್ ಡಾರ್ನಿಯಲ್ ಬಹಳ ವರ್ಷ ಪ್ಯಾನಸಾನಿಕ್ ಕಂಪನಿಯ ಒಂದು ಬೂಮ್‌ಬಾಕ್ಸಿನ ಒಳಮೈಕಿಗೇ ನೇರವಾಗಿ ಹಾಡಿದರು. 2002ರ ‘ಆಲ್ ಹೇಲ್ ವೆಸ್ಟ್ ಟೆಕ್ಸಸ್’ ಕೇಳಿದರೆ ಮೋಟಾರು ಗರಗರ ತಿರುಗುವುದು ಹಾಡಿನುದ್ದಕ್ಕೂ ಕೇಳುತ್ತದೆ. ಜೊತೆಗೆ ಹಾಡುವವರಿಲ್ಲದ ಕೋಣೆಯಲ್ಲಿ ಆ ಗರಗರವೇ ಶ್ರುತಿ ಹಿಡಿದು ಕೂತ ಹಾಗೆ ನನಗೆ ಕೇಳಿಸಿದೆ.

ಹೆಸರುಗಳನ್ನು ಗಮನಿಸಿ. ಐರನ್ ಅಂಡ್ ವೈನ್ ಎಂದರೆ ಸ್ಯಾಮ್ ಬೀಮ್ ಒಬ್ಬರೇ. ಕ್ಯಾಟ್ ಪವರ್ ಎಂದರೆ ಶಾನ್ ಮಾರ್ಷಲ್. ಸ್ಮಾಗ್ ಎಂದರೆ ಬಿಲ್ ಕ್ಯಾಲಹನ್. ಓಲ್ಡಮ್ ಅಂತೂ ಪ್ಯಾಲೇಸ್ ಬ್ರದರ್ಸ್, ಪ್ಯಾಲೇಸ್ ಸಾಂಗ್ಸ್, ಪ್ಯಾಲೇಸ್ ಮ್ಯೂಸಿಕ್ ಎಂದು ಹೆಸರು ಬದಲಿಸುತ್ತಾ ಕೊನೆಗೆ ಬಾನಿ ‘ಪ್ರಿನ್ಸ್’ ಬಿಲ್ಲಿ ಆದರು. ಒಬ್ಬ ವ್ಯಕ್ತಿ ತಂಡದ ಹೆಸರನ್ನು ಹೊದ್ದುಕೊಳ್ಳುವ ಈ ಚಾಳಿಗೂ ಒಬ್ಬ ಪೂರ್ವಜರಿದ್ದಾರೆ. 1959ರಲ್ಲಿ ಮೇರಿಲ್ಯಾಂಡ್‌ನ ಟಕೋಮ ಪಾರ್ಕಿನ ಗಿಟಾರ್ ವಾದಕ ಜಾನ್ ಫಾಹಿ ಸ್ವಂತ ದುಡ್ಡಿನಲ್ಲಿ, ತಮ್ಮದೇ ಲೇಬಲ್ಲಿನಿಂದ ಸುಮಾರು 100 ಪ್ರತಿಗಳ ಒಂದು ತಟ್ಟೆ ಮುದ್ರಿಸಿದರು. ಒಂದು ಬದಿಯಲ್ಲಿ ತಮ್ಮ ಹೆಸರು. ಇನ್ನೊಂದು ಬದಿಯಲ್ಲಿ ‘ಬ್ಲೈಂಡ್ ಜೋ ಡೆತ್’ ಎಂಬ, ಇಲ್ಲದ ಹಳೆಯ ಬ್ಲೂಸ್ ಹಾಡುಗಾರನ ಹೆಸರು. ಸ್ವಂತ ಲೇಬಲ್, ಹಳೆಯ ತಟ್ಟೆಗಳ ಅಧ್ಯಯನ, ಹೊದ್ದುಕೊಂಡ ಹೆಸರು: ಇಂಡೀ ಫೋಕ್‌ನ ಮೂರೂ ಎಳೆಗಳು ಆ ಹೆಸರು ಹುಟ್ಟುವ ಬಹಳ ಮೊದಲೇ ಒಂದು ತಟ್ಟೆಯಲ್ಲಿ ಹೆಣೆದುಕೊಂಡಿದ್ದವು. ಅನಾಮಿಕತೆ ಜನಪದ ಹಾಡಿಗೆ ಕಾಲ ಕೊಟ್ಟ ಗುಣ. ಇವರು ಅದನ್ನು ವೇಷ ಹಾಕಿ ಪಡೆಯಲು ನೋಡಿದರು. ವಚನಕಾರರ ಅಂಕಿತದಲ್ಲಿ ಬರೆದವರ ಹೆಸರಿನ ಜಾಗಕ್ಕೆ ದೇವರ ಹೆಸರು ಬಂದು ನಿಲ್ಲುವುದನ್ನು ಬಲ್ಲ ನಮಗೆ, ತಾನು ಹಿಂದೆ ಸರಿದು ಹಾಡನ್ನು ಮುಂದೆ ಬಿಡುವ ಈ ಆಸೆ ಅಪರಿಚಿತವಲ್ಲ.

ಇಂಡೀ ಎಂಬ ಮೊದಲ ಪದದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ ಸಾಲ ಮಾಡಿ ತನ್ನ ತಟ್ಟೆಯನ್ನು ತಾನೇ ತಂದಿತು. 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಇಂಡೀ ತಟ್ಟೆಗಳ ಪ್ರತ್ಯೇಕ ಜನಪ್ರಿಯತಾ ಪಟ್ಟಿ ಶುರುವಾಯಿತು. ದೊಡ್ಡ ಕಂಪನಿಗಳ ಕೈಗೆ ಸಿಗದೆ ವಿತರಣೆಯಾಗಿರಬೇಕು ಎಂಬುದು ಅದರ ನಿಯಮ. ಅಂದರೆ ಪದ ಹುಟ್ಟಿದ್ದು ವ್ಯಾಪಾರದ ದಾರಿಯನ್ನು ಸೂಚಿಸಲು, ರಾಗದ ಬಗೆಯನ್ನಲ್ಲ. ಮುಂದೆ ಅದು ರಾಗದ ಬಗೆಯಾಗಿ ಹೊರಳಿತು. ಎಷ್ಟರಮಟ್ಟಿಗೆ ಎಂದರೆ, ಐರನ್ ಅಂಡ್ ವೈನ್ ಮತ್ತು ಫ್ಲೀಟ್ ಫಾಕ್ಸಸ್ ಇಬ್ಬರನ್ನೂ ಹೊರತಂದ ಸಿಯಾಟಲ್‌ನ ಸಬ್ ಪಾಪ್ ಸಂಸ್ಥೆಯ ಶೇಕಡಾ 49 ಪಾಲು 1990ರ ದಶಕದ ನಡುವಿನಿಂದಲೇ ವಾರ್ನರ್ ಕಂಪನಿಯ ಕೈಯಲ್ಲಿತ್ತು.

ಈಗ ಆಯ್ಕೆಯ ಪ್ರಶ್ನೆ. ಯಾವುದು ಉಳಿಯಬೇಕು ಎಂದು ಊರು ತೀರ್ಮಾನಿಸುತ್ತಿದ್ದ ಜಾಗದಲ್ಲಿ ಇಲ್ಲಿ ನಿಂತದ್ದು ಮರುಮುದ್ರಣ. ಇದಕ್ಕೆ ವಾಷ್ಟಿ ಬನ್ಯನ್ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಬನ್ಯನ್ 1960ರ ದಶಕದ ಲಂಡನ್ನಿನಲ್ಲಿ ಪಾಪ್ ಹಾಡುಗಾರ್ತಿಯಾಗಲು ನೋಡಿ ಸೋತವರು. 1968ರಲ್ಲಿ ಅವರು ಸಂಗಾತಿಯ ಜೊತೆ ಒಂದು ಕುದುರೆಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿನ ಕಡೆಗೆ ಹೊರಟರು. ಸ್ಕೈ ದ್ವೀಪದ ಬಳಿ ಹಾಡುಗಾರ ಡಾನೊವನ್ ಕೊಂಡಿದ್ದ ಜಾಗದಲ್ಲಿ ಕಲಾವಿದರ ಒಂದು ನೆಲೆಯಾಗುತ್ತದೆ ಎಂಬ ಸುದ್ದಿ ಅವರನ್ನು ಎಳೆದಿತ್ತು. ಕುದುರೆಯ ನಡಿಗೆಯ ವೇಗದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದ ಆ ದಾರಿಯಲ್ಲಿ ಹಾಡುಗಳು ಹುಟ್ಟಿದವು. 1969ರ ಕೊನೆಗೆ ಜೋ ಬಾಯ್ಡ್ ನಿರ್ಮಾಣದಲ್ಲಿ ಲಂಡನ್ನಿನಲ್ಲಿ ಅವುಗಳ ಮುದ್ರಣವಾಯಿತು. 1970ರಲ್ಲಿ ‘ಜಸ್ಟ್ ಅನದರ್ ಡೈಮಂಡ್ ಡೇ’ ಎಂದು ಹೊರಬಂತು. ಕೊಂಡವರು ಕೆಲವೇ ಜನ. ಬನ್ಯನ್ ಹಾಡುವುದನ್ನೇ ಬಿಟ್ಟು, ಮಕ್ಕಳನ್ನು ಸಾಕಿಕೊಂಡು, ದೂರದ ಹಳ್ಳಿಗಾಡಿನಲ್ಲಿ ಬದುಕಿದರು. 2000ದಲ್ಲಿ ಆ ಆಲ್ಬಮ್ ಸಿಡಿಯಾಗಿ ಮತ್ತೆ ಬಂದಾಗ ಅದು ಹುಟ್ಟಿದ ಕಾಲಕ್ಕೆ ಇನ್ನೂ ಹುಟ್ಟಿರದಿದ್ದ ಹುಡುಗ ಹುಡುಗಿಯರ ಕಿವಿಗೆ ಬಿತ್ತು. ಅವರಲ್ಲಿ ಒಬ್ಬರು ಡೆವೆಂಡ್ರ ಬ್ಯಾನ್‌ಹಾರ್ಟ್. ಅವರು ಬನ್ಯನ್‌ಗೆ ಪತ್ರ ಬರೆದರು. 2004ರಲ್ಲಿ ತಮ್ಮ ಆಲ್ಬಮ್ಮಿನ ಒಂದು ಹಾಡನ್ನು ಅವರೊಂದಿಗೆ ಹಾಡಿದರು. 2005ರಲ್ಲಿ ಬನ್ಯನ್ ಅವರ ಎರಡನೆಯ ಆಲ್ಬಮ್ ‘ಲುಕ್‌ಆಫ್ಟರಿಂಗ್’ ಬಂತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 35 ವರ್ಷ. ಹೊಸದರಲ್ಲಿ ಬ್ಯಾನ್‌ಹಾರ್ಟ್ ಅವರೂ ಹಾರ್ಪ್ ವಾದಕಿ ಜೊವಾನ ನ್ಯೂಸಮ್ ಅವರೂ ನುಡಿಸಿದ್ದಾರೆ.

ಮಿಸಿಸಿಪಿ ಜಾನ್ ಹರ್ಟ್ ಅವರ ಕತೆಯೇ ಇನ್ನೊಂದು ಖಂಡದಲ್ಲಿ, ಇನ್ನೊಂದು ಕಾಲದಲ್ಲಿ ಮರುಕಳಿಸಿದೆ. ವ್ಯತ್ಯಾಸ ಒಂದೇ: ಬನ್ಯನ್ ತಮ್ಮ ಕಾಲದಲ್ಲಿ ಯಾವ ಪರಂಪರೆಗೂ ಸೇರಿದವರಾಗಿರಲಿಲ್ಲ. ಮೂವತ್ತು ವರ್ಷದ ನಂತರ ಬಂದ ಶಿಷ್ಯರು ಅವರನ್ನು ಗುರುವಿನ ಪೀಠದಲ್ಲಿ ಕೂರಿಸಿದರು. ನಿಕ್ ಡ್ರೇಕ್ ವಿಷಯದಲ್ಲೂ ನಡೆದದ್ದು ಇದೇ, ಆದರೆ ನೋಡಲು ಅವರಿರಲಿಲ್ಲ. 1971ರ ಅಕ್ಟೋಬರಿನಲ್ಲಿ ಎರಡು ರಾತ್ರಿಗಳಲ್ಲಿ, ಗಿಟಾರು ಮತ್ತು ಕಂಠ ಬಿಟ್ಟರೆ ಒಂದು ಹಾಡಿಗೆ ಸ್ವಲ್ಪ ಪಿಯಾನೊ ಮಾತ್ರ ಸೇರಿಸಿ ಅವರು ಮುದ್ರಿಸಿದ ‘ಪಿಂಕ್ ಮೂನ್’ ಆಗ ಯಾರ ಕಿವಿಗೂ ಬೀಳಲಿಲ್ಲ. 1974ರ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಆಲ್ಬಮ್ ಮನೆಮಾತಾದದ್ದು 1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಅದರ ಶೀರ್ಷಿಕೆಗೀತೆ ಬಂದ ಮೇಲೆ. ಹಾಡನ್ನು ಉಳಿಸಿಕೊಳ್ಳುವ ಹಕ್ಕು ಹಳ್ಳಿಯ ಕಟ್ಟೆಯಿಂದ ಮರುಮುದ್ರಣದ ಸಂಸ್ಥೆಗೂ ಜಾಹೀರಾತಿನವರಿಗೂ ದಾಟಿತು ಎಂಬುದು ಹಿತವಾದ ಮಾತೇನಲ್ಲ. ಆದರೆ ಆ ಹಾಡುಗಳು ನಮ್ಮವರೆಗೆ ಬಂದ ದಾರಿ ಅದೇ.

2003-04ರಲ್ಲಿ ಈ ಪೀಳಿಗೆಗೆ ಹೆಸರುಗಳು ಬಂದವು. ಬ್ರಿಟನ್ನಿನ ‘ದಿ ವೈರ್’ ಪತ್ರಿಕೆಯ 2003ರ ಆಗಸ್ಟ್ ಸಂಚಿಕೆಯಲ್ಲಿ ಡೇವಿಡ್ ಕೀನನ್, ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೊ ಎಂಬಲ್ಲಿ ನಡೆದ ಒಂದು ಉತ್ಸವದ ಬಗ್ಗೆ ಬರೆಯುತ್ತಾ ‘ನ್ಯೂ ವಿಯರ್ಡ್ ಅಮೆರಿಕ’ ಎಂಬ ಹೆಸರು ಕೊಟ್ಟರು. ಆಮೇಲೆ ‘ಫ್ರೀಕ್ ಫೋಕ್’ ಬಂತು, ಹಾಡುವವರಲ್ಲಿ ಬಹಳ ಜನಕ್ಕೆ ಅದು ಹಿಡಿಸಲಿಲ್ಲ. ಹೆಸರುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು 2004ರಲ್ಲಿ ಬ್ಯಾನ್‌ಹಾರ್ಟ್ ಆಯ್ದು, ‘ಆರ್ಥರ್’ ಪತ್ರಿಕೆಯವರು ತಂದ ‘ದಿ ಗೋಲ್ಡನ್ ಆಪಲ್ಸ್ ಆಫ್ ದಿ ಸನ್’ ಎಂಬ 20 ಹಾಡುಗಳ ಸಂಕಲನ. ಹೊದಿಕೆಯ ಅಕ್ಷರಗಳನ್ನೂ ಬ್ಯಾನ್‌ಹಾರ್ಟ್ ಕೈಯಲ್ಲೇ ಬರೆದರು. ನ್ಯೂಸಮ್, ಐರನ್ ಅಂಡ್ ವೈನ್, ವೆಟಿವರ್ ಇವರೆಲ್ಲರ ನಡುವೆ ಬನ್ಯನ್ ದನಿಯೂ ಅದರಲ್ಲಿದೆ. ಹ್ಯಾರಿ ಸ್ಮಿತ್ 1952ರಲ್ಲಿ ಮಾಡಿದ್ದನ್ನೇ ಈ ಪೀಳಿಗೆ ತನ್ನ ಬಗ್ಗೆ ತಾನೇ ಮಾಡಿಕೊಂಡಿತು: ಬಿಡಿಬಿಡಿ ಕೋಣೆಗಳಲ್ಲಿ ಹುಟ್ಟಿದ ಹಾಡುಗಳನ್ನು ಒಂದು ಹೊದಿಕೆಯೊಳಗೆ ಇಟ್ಟು, ಇದು ಒಂದು ಕುಲ ಎಂದು ತೋರಿಸಿತು.

ಮಾರ್ಪಾಟಿನ ಲಕ್ಷಣಕ್ಕೂ ಒಂದು ಸಾಕ್ಷಿ ಹೇಳಬೇಕು. ‘ದಿ ಪೋಸ್ಟಲ್ ಸರ್ವಿಸ್’ ತಂಡದ ‘ಸಚ್ ಗ್ರೇಟ್ ಹೈಟ್ಸ್’ 2003ರ ಹಾಡು. ಸಿಂಥಸೈಜರಿನ ಮಿಡಿತದ ಮೇಲೆ ನಿಂತದ್ದು, ಯಾವ ಕಿವಿಗೂ ಅದು ಫೋಕ್ ಅಲ್ಲ. ಅದೇ ವರ್ಷ ಸ್ಯಾಮ್ ಬೀಮ್ ಅದೇ ಮಾತು, ಅದೇ ಮಟ್ಟನ್ನು ಗಿಟಾರಿನ ಮೇಲೆ, ಅರ್ಧದಷ್ಟು ದನಿಯಲ್ಲಿ ಹಾಡಿದರು. 2004ರ ‘ಗಾರ್ಡನ್ ಸ್ಟೇಟ್’ ಸಿನಿಮಾದ ಮೂಲಕ ಅದು ಮನೆಮನೆ ತಲುಪಿತು. ಎಲ್ಲರೂ ಅದನ್ನು ಇಂಡೀ ಫೋಕ್ ಎಂದೇ ಗುರುತಿಸಿದರು. ಸಾಹಿತ್ಯ ಬದಲಾಗಲಿಲ್ಲ, ಕರ್ತೃ ಬದಲಾಗಲಿಲ್ಲ. ಬದಲಾದದ್ದು ಕೇಳುಗರಿಗೂ ಕಂಠಕ್ಕೂ ನಡುವಿನ ದೂರ. ಇಲ್ಲಿ ಫೋಕ್ ಎಂಬುದು ಹಾಡಿನ ಹುಟ್ಟನ್ನು ಹೇಳುವ ಮಾತಾಗಿ ಉಳಿದಿಲ್ಲ. ಹಾಡುವ ಸಮೀಪವನ್ನು ಹೇಳುವ ಮಾತಾಗಿದೆ.

ಬಾನ್ ಇವೇರ್ ಕತೆ ಎಲ್ಲರಿಗೂ ಗೊತ್ತಿರುವುದರಿಂದಲೇ ಎಚ್ಚರದಿಂದ ಬರೆಯಬೇಕಾಗಿದೆ. ಆ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ ಅವರ ಹಿಂದಿನ ತಂಡ ಒಡೆದಿತ್ತು, ಕಾಯಿಲೆ ಬಿದ್ದಿದ್ದರು; 2006ರ ಕೊನೆಯ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಯವ್ಯದಲ್ಲಿದ್ದ ಅಪ್ಪನ ಬೇಟೆಯ ಗುಡಿಸಲಿಗೆ ಹೋಗಿ ಕೆಲವು ತಿಂಗಳು ಒಬ್ಬರೇ ಇದ್ದು ಹಾಡುಗಳನ್ನು ಮುದ್ರಿಸಿದರು. ‘ಫಾರ್ ಎಮ್ಮ, ಫಾರೆವರ್ ಅಗೊ’ ಮೊದಲು 2007ರಲ್ಲಿ 500 ಪ್ರತಿಗಳಾಗಿ, 2008ರಲ್ಲಿ ಜಾಗ್‌ಜಗ್ವಾರ್ ಸಂಸ್ಥೆಯಿಂದ ಬಂತು. ಹಿಮ, ಗುಡಿಸಲು, ಮುರಿದ ಮನಸ್ಸು ಸೇರಿ ಅದು ಈಗ ಐತಿಹ್ಯವಾಗಿದೆ. ಐತಿಹ್ಯ ಮುಚ್ಚುವ ಸಂಗತಿಗಳೂ ಇವೆ: ಆಲ್ಬಮ್ಮಿನಲ್ಲಿ ಬೇರೆ ವಾದಕರ ಕಹಳೆ, ಟ್ರಾಂಬೋನ್ ಇವೆ, ಯಂತ್ರ ಆ ವೇಳೆಗೆ ಕಂಪ್ಯೂಟರ್ ಆಗಿತ್ತು, ಪಥಗಳಿಗೆ ನಾಲ್ಕರ ಮಿತಿ ಇರಲಿಲ್ಲ. ಮಿತಿ ಹೋದದ್ದರ ಫಲವನ್ನು ಕಿವಿಯೇ ಹೇಳುತ್ತದೆ. ಎಲಿಯಟ್ ಸ್ಮಿತ್ ಇಬ್ಬರಾಗಿದ್ದ ಜಾಗದಲ್ಲಿ ವರ್ನನ್ ಒಂದು ಗುಂಪೇ ಆಗಿದ್ದಾರೆ. ಕೀರಲು ಎತ್ತರದ ದನಿಯಲ್ಲಿ ಪದರದ ಮೇಲೆ ಪದರ ಹಾಡಿ ಚರ್ಚಿನ ಸಮೂಹಗಾನವನ್ನೇ ಕಟ್ಟಿದ್ದಾರೆ. ಮೊದಲು ಮಾತಿಲ್ಲದೆ ಬರೀ ಸ್ವರದಲ್ಲಿ ಮಟ್ಟು ಹಾಡಿ, ಅದನ್ನು ಮತ್ತೆ ಮತ್ತೆ ಕೇಳಿ, ಆ ಸದ್ದುಗಳೊಳಗೆ ಕೇಳಿಬಂದ ಮಾತುಗಳನ್ನು ಬರೆದುಕೊಳ್ಳುವುದು ಅವರ ವಿಧಾನವಾಗಿತ್ತು. ಸಭೆಯಿಲ್ಲದ ಕಡೆ ಸಭೆಯ ದನಿ ಕಟ್ಟಿದ್ದು ಈ ಹಾಡಿಕೆಯ ತುತ್ತತುದಿ ಎಂದೇ ನನ್ನ ಅಭಿಪ್ರಾಯ.

ನನ್ನ ವಾದಕ್ಕೆ ಎದುರು ನಿಲ್ಲುವ ಸಾಕ್ಷಿ ಫ್ಲೀಟ್ ಫಾಕ್ಸಸ್. 2008ರಲ್ಲಿ, ಬ್ರೂಗೆಲ್ 1559ರಲ್ಲಿ ಬರೆದ ಗಾದೆಗಳ ಚಿತ್ರವನ್ನು ಹೊದಿಕೆಗಿಟ್ಟು ಬಂದ ಅವರ ಆಲ್ಬಮ್ಮಿನ ಹಾಡುಗಳನ್ನು ವೇದಿಕೆಯ ಮೇಲೆ ಹಲವು ಕಂಠಗಳು ನಿಜಕ್ಕೂ ಒಟ್ಟಿಗೆ ನಿಂತು ಹಾಡುತ್ತವೆ. ಅದನ್ನು ಅಪವಾದ ಎಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಒಂಟಿ ಕೋಣೆಯ ಹಾಡಿಕೆ ಮತ್ತೆ ಜೊತೆ ಹುಡುಕಿದ ಘಟ್ಟ ಅದು. ಅದೇ ಹುಡುಕಾಟ ಲಂಡನ್ನಿನ ಮಮ್‌ಫರ್ಡ್ ಅಂಡ್ ಸನ್ಸ್ ಕೈಯಲ್ಲಿ ಕ್ರೀಡಾಂಗಣದ ಅಳತೆಗೆ ಬೆಳೆಯಿತು. ಅವರ ‘ಬೇಬಲ್’ 2013ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು. ಬ್ಯಾಂಜೊ ಇದೆ, ನೆಲ ಗುದ್ದುವ ತಾಳವಿದೆ, ಸಾವಿರಾರು ಜನರ ಕೂಗು ಹಿಮ್ಮೇಳವಾಗಿದೆ. ಪಿಸುದನಿ ಮಾತ್ರ ಇಲ್ಲ. ಹೆಸರು ಒಂದೇ ಆದರೂ ಅದನ್ನು ಬೇರೆ ಜಾತಿಯೆಂದೇ ಎಣಿಸಬೇಕು.

ಸಂಗೀತದ ಆ್ಯಪ್‌ಗಳು ಬೆಂಗಳೂರಿನ ತಂಡಗಳನ್ನೂ ಈಗ ಇದೇ ಕಪಾಟಿನಲ್ಲಿ ಇಡುತ್ತವೆ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಎರಡು ತತ್ವಪದಗಳಿವೆ. ಗಿಟಾರಿದೆ, ಹೊಸ ಸಂಯೋಜನೆಯಿದೆ. ಆದರೆ ಅವರು ಪಲ್ಲವಿ ಎತ್ತಿದರೆ ಸಭಾಂಗಣದ ಜನ ಮುಂದಿನ ಸಾಲನ್ನು ಹಿಡಿದುಕೊಳ್ಳುತ್ತಾರೆ. ಕೆಲವರಿಗೆ ಅದು ಸಿ. ಅಶ್ವತ್ಥ್ ಕಂಠದಿಂದ ಬಂದದ್ದು, ಕೆಲವರಿಗೆ ಭಜನೆಯ ಮನೆಯಿಂದ. 1819ರಲ್ಲಿ ಹುಟ್ಟಿದ ಷರೀಫರಿಂದ ಇಲ್ಲಿಯವರೆಗೆ ಬಾಯಿಯ ಕೊಂಡಿ ಕಳಚಿಲ್ಲ. 1954ರ ಮೂರು ಲಕ್ಷಣಗಳೂ ಇಲ್ಲಿ ಬದಲಿಯ ಅಗತ್ಯವಿಲ್ಲದೆ ಸಲ್ಲುತ್ತವೆ. ಹೀಗಾಗಿ ಈ ಹಾಡಿಕೆಯನ್ನು ಇಂಡೀ ಫೋಕ್ ಎಂದು ಕರೆಯಲು ನಾನು ಹಿಂಜರಿಯುತ್ತೇನೆ.

ಕೊನೆಗೆ ಓಲ್ಡಮ್ ಅವರ ಒಂದು ಹಾಡಿಗೆ ಮರಳುತ್ತೇನೆ. 1999ರಲ್ಲಿ ಬಾನಿ ‘ಪ್ರಿನ್ಸ್’ ಬಿಲ್ಲಿ ಹೆಸರಿನಲ್ಲಿ ಅವರು ‘ಐ ಸೀ ಅ ಡಾರ್ಕ್‌ನೆಸ್’ ಹಾಡಿದರು. ಮರುವರ್ಷ ಜಾನಿ ಕ್ಯಾಶ್ ಅದನ್ನು ತಮ್ಮ ‘ಅಮೆರಿಕನ್ III’ ಆಲ್ಬಮ್ಮಿಗೆ ಹಾಡಿಕೊಂಡರು. 2012ರಲ್ಲಿ ಓಲ್ಡಮ್ ತಾವೇ ಅದನ್ನು ಬೇರೆ ಧಾಟಿಯಲ್ಲಿ, ಚುರುಕಾಗಿ, ಮತ್ತೆ ಮುದ್ರಿಸಿದರು. ಕಟ್ಟಿದವರು ಬದುಕಿರುವಾಗಲೇ ಹಾಡಿಗೆ ಪಾಠಾಂತರ ಬಂದಿದೆ. ಕ್ಯಾಶ್ ಅವರ ಪತ್ನಿ ಜೂನ್ ಕಾರ್ಟರ್. ಜೂನ್ ಅವರ ತಾಯಿ ಮೇಬೆಲ್ ಕಾರ್ಟರ್. ಮೇಬೆಲ್ ಹಾಡಿ ನುಡಿಸಿದ ಕಾರ್ಟರ್ ಫ್ಯಾಮಿಲಿಯ ನಾಲ್ಕು ಹಾಡುಗಳು ಹ್ಯಾರಿ ಸ್ಮಿತ್ ಅವರ 84ರಲ್ಲಿವೆ. ಓಲ್ಡಮ್ ತಟ್ಟೆಯ ದಾರಿಯಲ್ಲಿ ಮುಟ್ಟಿದ ಮನೆಗೆ ಕ್ಯಾಶ್ ಅಳಿಯನಾಗಿ ಹೋದವರು. ಆ 2000ದ ಮುದ್ರಿಕೆಯಲ್ಲಿ ಕ್ಯಾಶ್ ಅವರ ಭಾರವಾದ ದನಿ ಪಲ್ಲವಿಗೆ ಬಂದಾಗ ಅದರ ಪಕ್ಕದಲ್ಲಿ ಇನ್ನೊಂದು ತೆಳು ಕಂಠ ಸೇರಿಕೊಳ್ಳುತ್ತದೆ. ಅದು ಓಲ್ಡಮ್ ಅವರದು. ತಾವು ಕಟ್ಟಿದ ಹಾಡಿಗೆ, ಇನ್ನೊಬ್ಬರ ಹಿಂದೆ ನಿಂತು, ಹಿಮ್ಮೇಳ ಹಾಡುತ್ತಿದ್ದಾರೆ.